ಯುರೋಪಿನ ಭಾಷೆಗಳಲ್ಲಿ ‘ಹೌದು’

ಕೇಳಿದ ಪ್ರಶ್ನೆಗೆ ಸಮ್ಮತಿ ಸೂಚಿಸಲು, ಆಡಿದ ಮಾತನ್ನು ಒಪ್ಪಿಕೊಳ್ಳಲು ಯುರೋಪಿನ ಜನ ಬಳಸುವ ಕಿರುಪದಗಳ ಹುಟ್ಟು, ಹರಹು ಮತ್ತು ಅರ್ಥಛಾಯೆಗಳ ಸಮೀಕ್ಷೆ. ಇಂಗ್ಲಿಷಿನ ‘ಯೆಸ್’, ಫ್ರೆಂಚಿನ ‘ವೀ’, ಇಟಾಲಿಯನ್ ಮತ್ತು ಸ್ಪ್ಯಾನಿಷಿನ ‘ಸಿ’, ಜರ್ಮನಿನ ‘ಯಾ’, ರಷ್ಯನಿನ ‘ದಾ’, ಪೋಲಿಷಿನ ‘ತಾಕ್’, ಗ್ರೀಕಿನ ‘ನೆ’ ಇವು ಈ ಗುಂಪಿನ ಹೆಚ್ಚು ಪರಿಚಿತ ಪದಗಳು. ಇವುಗಳಲ್ಲಿ ಒಂದೆರಡು ಅಕ್ಷರಕ್ಕಿಂತ ದೊಡ್ಡದು ಅಪರೂಪ. ಆದರೂ ಒಂದೊಂದರ ಹಿಂದೆಯೂ ಸವೆದುಹೋದ ಒಂದು ಇಡೀ ವಾಕ್ಯವೋ ಪದಗುಚ್ಛವೋ ಇರುವುದುಂಟು.

ಯುರೋಪಿನ ಬಹುಪಾಲು ಭಾಷೆಗಳು ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದವು. ತಾಯಿ, ತಂದೆ, ಎರಡು, ಮೂರು ಮುಂತಾದ ಮಾತುಗಳು ಸಂಸ್ಕೃತದಿಂದ ಐಸ್‌ಲ್ಯಾಂಡಿನ ಭಾಷೆಯವರೆಗೆ ಒಂದೇ ಬೇರಿನಿಂದ ಚಿಗುರಿವೆ. ನಿಷೇಧಕ್ಕೂ ಅಂಥದೇ ಹಳೆಯ ಬೇರೊಂದಿದೆ. ಸಂಸ್ಕೃತದ ‘ನ’, ಲ್ಯಾಟಿನಿನ ‘ನೋನ್’, ರಷ್ಯನಿನ ‘ನ್ಯೆತ್’, ಇಂಗ್ಲಿಷಿನ ‘ನೋ’ ಎಲ್ಲವೂ ‘ನೆ’ ಎಂಬ ಮೂಲರೂಪಕ್ಕೆ ಹೋಗಿ ಸೇರುತ್ತವೆ. ಸಮ್ಮತಿಗೆ ಮಾತ್ರ ಇಡೀ ಕುಟುಂಬಕ್ಕೆ ಸಲ್ಲುವ ಇಂಥ ಒಂದು ಮೂಲಪದವನ್ನು ಭಾಷಾವಿಜ್ಞಾನಿಗಳು ಪುನಾರಚಿಸಲು ಆಗಿಲ್ಲ. ‘ಇಲ್ಲ’ ಎಂಬುದು ಪಿತ್ರಾರ್ಜಿತವಾದರೆ ‘ಹೌದು’ ಎಂಬುದು ಪ್ರತಿಯೊಂದು ಭಾಷೆಯ ಸ್ವಯಾರ್ಜಿತ. ಈ ವಿಷಯದ ಅಧ್ಯಯನಕ್ಕೆ ಇಷ್ಟು ಸೊಗಸು ಬಂದಿರುವುದೇ ಇದರಿಂದ. ಯಾವ ಜನ, ಯಾವಾಗ, ಯಾವ ಸಾಮಗ್ರಿಯಿಂದ ಈ ಪದವನ್ನು ಕಟ್ಟಿಕೊಂಡರು ಎಂಬುದನ್ನು ಎಷ್ಟೋ ಕಡೆ ಬರಹಗಳ ಆಧಾರದಿಂದಲೇ ಗುರುತಿಸಬಹುದು.

ಲ್ಯಾಟಿನಿನಿಂದ ತೊಡಗುವುದು ಅನುಕೂಲ. ರೋಮನ್ನರ ಮಾತಿನಲ್ಲಿ ‘ಯೆಸ್’ ಎಂಬುದಕ್ಕೆ ನೇರವಾದ, ಎಲ್ಲ ಸಂದರ್ಭಕ್ಕೂ ಒಗ್ಗುವ ಒಂದು ಪದ ಇರಲಿಲ್ಲ. ‘ವೆನಿತ್ನೆ?’, ಅಂದರೆ ‘ಬಂದನೇ?’ ಎಂದು ಕೇಳಿದರೆ ‘ವೆನಿತ್’, ‘ಬಂದ’ ಎಂದು ಕ್ರಿಯಾಪದವನ್ನೇ ಮರಳಿಸುವುದು ವಾಡಿಕೆ. ಒತ್ತು ಬೇಕಾದಾಗ ‘ಇತಾ’ (ಹಾಗೆ), ‘ಸಿಕ್’ (ಹೀಗೆ), ‘ವೇರೋ’ (ನಿಜವಾಗಿ), ‘ಸಾನೆ’ (ಖಂಡಿತ), ‘ಎತಿಯಂ’ (ಸಹ, ಇನ್ನೂ) ಎಂಬ ಅವ್ಯಯಗಳು ನೆರವಿಗೆ ಬರುತ್ತಿದ್ದವು. ಸಿಸೆರೊ ತನ್ನ ತತ್ತ್ವಗ್ರಂಥವೊಂದರಲ್ಲಿ ‘ನೋನ್’ ಎಂಬ ನಿರಾಕರಣೆಗೆ ಎದುರಾಗಿ ಇಡುವುದು ‘ಎತಿಯಂ’ ಎಂಬ ಪದವನ್ನು. ಸಾಮ್ರಾಜ್ಯ ಒಡೆದು ಆಡುಮಾತಿನ ಲ್ಯಾಟಿನ್ ಹಲವು ಕವಲಾದಾಗ ಈ ಅವ್ಯಯಗಳಲ್ಲಿ ಉಳಿದು ಬೆಳೆದದ್ದು ‘ಸಿಕ್’. ಇಟಾಲಿಯನಿನ ‘ಸಿ’, ಸ್ಪ್ಯಾನಿಷಿನ ‘ಸಿ’, ಕೊನೆಯ ಧ್ವನಿ ಮೂಗಿಗೇರಿದ ಪೋರ್ಚುಗೀಸಿನ ‘ಸಿಂ’ ಮೂರೂ ಇದರ ಸಂತಾನ. 12ನೆಯ ಶತಮಾನದ ಪ್ಯಾರಿಸಿನ ತರ್ಕಶಾಸ್ತ್ರಿ ಪೀಟರ್ ಅಬೆಲಾರ್ ಧರ್ಮಪಿತೃಗಳ ಪರಸ್ಪರ ವಿರುದ್ಧ ವಚನಗಳನ್ನು 158 ಪ್ರಶ್ನೆಗಳ ಕೆಳಗೆ ಎದುರುಬದುರು ಜೋಡಿಸಿ ಗ್ರಂಥ ರಚಿಸಿದ. ಅದಕ್ಕೆ ಅವನಿಟ್ಟ ಹೆಸರು ‘ಸಿಕ್ ಎತ್ ನೋನ್’, ಅಂದರೆ ಹೌದು ಮತ್ತು ಅಲ್ಲ. ‘ಹೀಗೆ’ ಎಂಬರ್ಥದ ಪದ ಆ ವೇಳೆಗಾಗಲೇ ವಿದ್ವಾಂಸರ ಲ್ಯಾಟಿನಿನಲ್ಲೂ ‘ಹೌದು’ ಆಗಿ ನಿಂತಿತ್ತೆಂಬುದಕ್ಕೆ ಈ ಶೀರ್ಷಿಕೆ ಸಾಕ್ಷಿ.

ಇಂದಿನ ಫ್ರಾನ್ಸಿನ ನೆಲದಲ್ಲಿ ಬೆಳವಣಿಗೆ ಬೇರೆ ದಾರಿ ಹಿಡಿಯಿತು. ಅಲ್ಲಿ ಆಯ್ಕೆಯಾದದ್ದು ‘ಹೋಕ್’, ಅಂದರೆ ‘ಇದು’. ದಕ್ಷಿಣದಲ್ಲಿ ಅದು ‘ಓಕ್’ ಆಗಿ ನಿಂತಿತು. ಉತ್ತರದಲ್ಲಿ ‘ಓ’ ಎಂದಷ್ಟೇ ಉಳಿದು ತನ್ನ ಹಿಂದೆ ಒಂದು ಸರ್ವನಾಮವನ್ನು ಕಟ್ಟಿಕೊಂಡಿತು. ‘ನೀನು ಮಾಡಿದೆಯಾ?’ ಎಂದರೆ ‘ಓ ಜೆ’ (ಇದನ್ನು ನಾನು), ‘ಅವನು ಮಾಡಿದನೇ?’ ಎಂದರೆ ‘ಓ ಇಲ್’ (ಇದನ್ನು ಅವನು) ಎಂದು ಹಳೆಯ ಫ್ರೆಂಚರು ಪುರುಷಭೇದಕ್ಕೆ ತಕ್ಕಂತೆ ಉತ್ತರಿಸುತ್ತಿದ್ದರು. ‘ಮಾಡಿದೆ’, ‘ಮಾಡಿದ’ ಎಂಬ ಕ್ರಿಯೆ ಅಧ್ಯಾಹಾರ. ಕ್ರಮೇಣ ಪ್ರಥಮಪುರುಷದ ‘ಓಯಿಲ್’ ಒಂದೇ ಎಲ್ಲರ ಪರವಾಗಿ ನಿಂತು ಉಳಿದವು ಮರೆಯಾದವು. ಕೊನೆಯ ‘ಲ್’ ಕಳಚಿ, ಎರಡು ಸ್ವರಗಳು ಒಂದಾಗಿ ಇಂದಿನ ‘ವೀ’ ಬಂದಿದೆ. ‘ನೆನಿಲ್’ ಎಂಬ ಇದರ ನಿಷೇಧದ ಜೋಡಿ ‘ನೆನ್ನಿ’ ಎಂಬ ಹಳಗಾಲದ ಮಾತಾಗಿ ಫ್ರೆಂಚ್ ನಿಘಂಟುಗಳಲ್ಲಿದೆ. ‘ಕೇಳು’ ಎಂಬರ್ಥದ ಫ್ರೆಂಚ್ ಧಾತುವಿನ ಭೂತಕೃದಂತ ‘ವೀ’ಯನ್ನು ಹೋಲುವುದರಿಂದ ‘ಕೇಳಿಸಿತು’ ಎಂಬುದೇ ಇದರ ಮೂಲಾರ್ಥ ಎಂದು ಕೆಲವರು ನಂಬಿದ್ದುಂಟು. ಅದು ಕಾಗುಣಿತದ ಹೋಲಿಕೆ ಮಾತ್ರ. ಇಂದು ಪ್ಯಾರಿಸಿನಲ್ಲಿ ಹೆಂಗಸೊಬ್ಬಳು ತನ್ನ ಬಗ್ಗೆಯೇ ‘ವೀ’ ಎಂದಾಗಲೂ ಪದಚರಿತ್ರೆಯ ಪ್ರಕಾರ ಅವಳು ಹೇಳುತ್ತಿರುವುದು ‘ಇದನ್ನು ಅವನು’ ಎಂದು!

ಈ ಮೂರು ಉತ್ತರಗಳನ್ನು, ಅಂದರೆ ಓಕ್, ಓಯಿಲ್, ಸಿ ಎಂಬುವನ್ನು ಭಾಷೆಗಳ ವರ್ಗೀಕರಣಕ್ಕೆ ಅಳತೆಗೋಲಾಗಿ ಬಳಸಿ ಪ್ರಸಿದ್ಧನಾದವನು ಇಟಲಿಯ ಕವಿ ದಾಂತೆ. 1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದ ಮೇಲೆ ಅವನು ಜನಭಾಷೆಯ ಹಿರಿಮೆಯನ್ನು ಕುರಿತು ‘ದೆ ವುಲ್ಗಾರಿ ಎಲೊಕ್ವೆಂತಿಯಾ’ ಎಂಬ ಗ್ರಂಥವನ್ನು ಲ್ಯಾಟಿನಿನಲ್ಲಿ ಬರೆಯತೊಡಗಿ ಅರ್ಧಕ್ಕೆ ಬಿಟ್ಟ. ದೇವರು, ಪ್ರೀತಿ, ಸಮುದ್ರ, ಭೂಮಿ ಮುಂತಾದ ಮಾತುಗಳು ಈ ಮೂರು ನುಡಿಗಳಲ್ಲೂ ಒಂದೇ ತೆರನಾಗಿರುವುದರಿಂದ ಇವು ಒಂದೇ ಭಾಷೆಯ ಮೂರು ಮುಖಗಳೆಂದೂ, ಸಮ್ಮತಿಯ ಪದದಲ್ಲಿ ಇವು ಬೇರೆಯಾಗುತ್ತವೆಂದೂ ಅವನು ಕಂಡುಕೊಂಡ. ತುಲನಾತ್ಮಕ ಭಾಷಾವಿಜ್ಞಾನ ಹುಟ್ಟುವುದಕ್ಕೆ ಸುಮಾರು 500 ವರ್ಷ ಮುಂಚೆ ಹೀಗೆ ಯೋಚಿಸಿದ್ದು ಅಸಾಧಾರಣ ಸಂಗತಿ. ಓಕ್ ನುಡಿಯನ್ನು ಅವನು ಸ್ಪೇನಿನವರಿಗೆ ಸಲ್ಲಿಸಿದ್ದಾನೆ. ಕತಲಾನರೂ ಪ್ರೊವೆನ್ಸಿನವರೂ ಒಂದೇ ಕಾವ್ಯಭಾಷೆಯನ್ನು ಹಂಚಿಕೊಂಡಿದ್ದ ಕಾಲದಲ್ಲಿ ಇದು ತೀರ ಅಸಂಗತವಲ್ಲ. ಯುರೋಪಿನ ಉತ್ತರದ ಮತ್ತು ಪೂರ್ವದ ಜನರೆಲ್ಲ, ಸ್ಲಾವರೂ ಹಂಗೇರಿಯನ್ನರೂ ಸೇರಿ, ‘ಯೋ’ ಎಂದು ಉತ್ತರಿಸುತ್ತಾರೆಂದು ಬರೆದಿರುವುದು ಮಾತ್ರ ಜರ್ಮನರಿಗಷ್ಟೇ ಒಪ್ಪುವ ಮಾತು.

ದಾಂತೆಗಿಂತ ಮೊದಲೇ ಓಕ್ ಸೀಮೆಯ ಕವಿಗಳಾದ ಟ್ರೂಬಡೂರರಲ್ಲಿ ಈ ಪದದ ಅರಿವು ಚೆನ್ನಾಗಿತ್ತು. 12ನೆಯ ಶತಮಾನದ ಬರ್ಟ್ರಾನ್ ದೆ ಬೋರ್ನ್ ಇಂಗ್ಲೆಂಡಿನ ಸಿಂಹಹೃದಯಿ ರಿಚರ್ಡನಿಗೆ ಇಟ್ಟ ಅಡ್ಡಹೆಸರು ‘ಓಕ್-ಎ-ನೋ’, ಅಂದರೆ ‘ಹೌದು-ಇಲ್ಲ’. ರಾಜಕೀಯದಲ್ಲಿ ಪದದ ಭಾಗ್ಯ ಬೇರೆಯಾಯಿತು. 1209ರಿಂದ 1229ರವರೆಗೆ ನಡೆದ ಅಲ್ಬಿಜನ್ ಧರ್ಮಯುದ್ಧದಲ್ಲಿ ದಕ್ಷಿಣದ ಸಿರಿವಂತ ಪಾಳೆಯಪಟ್ಟುಗಳು ನೆಲಕಚ್ಚಿದವು. 1271ರಲ್ಲಿ ತುಲೂಸ್ ಕೂಡ ಫ್ರೆಂಚ್ ದೊರೆಯ ಕೈಸೇರಿತು. ಹೊಸದಾಗಿ ದಕ್ಕಿದ ಈ ನೆಲವನ್ನು ಆಡಳಿತಗಾರರು ಅಲ್ಲಿನವರ ‘ಹೌದು’ವಿನಿಂದಲೇ ಗುರುತಿಸಿ ‘ಲಾಂಗ್‌ದೊಕ್’, ಓಕ್ ನುಡಿಯ ನಾಡು, ಎಂದು ಕರೆದರು. ಒಂದು ದೇಶಭಾಗಕ್ಕೆ ಅದರ ಜನ ಒಪ್ಪಿಗೆ ಸೂಚಿಸುವ ಪದವೇ ಹೆಸರಾದ ಇಂಥ ನಿದರ್ಶನ ಮತ್ತೆಲ್ಲೂ ಸುಲಭವಾಗಿ ಸಿಗದು. 1539ರ ವಿಲೆ-ಕೊತ್ರೆ ರಾಜಾಜ್ಞೆ ನ್ಯಾಯಾಲಯದ ಕಾಗದಪತ್ರಗಳಲ್ಲಿ ಫ್ರೆಂಚನ್ನು ಕಡ್ಡಾಯ ಮಾಡಿತು. ಮುಂದೆ ಶಾಲೆಗಳಲ್ಲಿ ಓಕ್ ನುಡಿಯನ್ನಾಡಿದ ಮಕ್ಕಳಿಗೆ ಅವಮಾನ, ಶಿಕ್ಷೆ. ಪ್ರೊವೆನ್ಸಿನ ನುಡಿಯಲ್ಲಿ ಬರೆದ ಫ್ರೆದೆರಿಕ್ ಮಿಸ್ತ್ರಾಲನಿಗೆ 1904ರಲ್ಲಿ ನೊಬೆಲ್ ಪ್ರಶಸ್ತಿ ಬಂದರೂ ನುಡಿಯ ಕುಸಿತ ನಿಲ್ಲಲಿಲ್ಲ. 2016ರಲ್ಲಿ ಫ್ರಾನ್ಸ್ ತನ್ನ ಪ್ರಾಂತಗಳನ್ನು ಮರುವಿಂಗಡಿಸಿದಾಗ ತುಲೂಸ್ ಮತ್ತು ಮೊಂಪೆಲಿಯೆಗಳನ್ನು ಒಳಗೊಂಡ ಹೊಸ ಪ್ರಾಂತಕ್ಕೆ ‘ಓಕ್ಸಿತಾನಿ’ ಎಂಬ ಹೆಸರು ಬಂತು. ಬೀದಿಯಲ್ಲಿ ‘ಓಕ್’ ಎನ್ನುವವರು ತೀರ ಕಡಿಮೆಯಾದ ಕಾಲದಲ್ಲಿ ಆ ಪದ ನಕ್ಷೆಯ ಮೇಲೆ ದೊಡ್ಡಕ್ಷರದಲ್ಲಿ ಕುಳಿತಿರುವುದು ನೋವಿನ ವಿಚಾರವೇ ಸರಿ.

ಲ್ಯಾಟಿನ್ ಮೂಲದ ಇನ್ನೆರಡು ಭಾಷೆಗಳು ಇಲ್ಲಿ ಬೇರೆಯಾಗಿ ನಿಲ್ಲುತ್ತವೆ. ಸಾರ್ಡೀನಿಯಾ ದ್ವೀಪದವರು ‘ಎಯಾ’ ಎನ್ನುತ್ತಾರೆ. ರೊಮೇನಿಯನ್ನರು ಅಕ್ಕಪಕ್ಕದ ಸ್ಲಾವರಿಂದ ‘ದಾ’ವನ್ನು ಎರವಲು ಪಡೆದರು. ‘ಸಿಕ್’ ಅವರಲ್ಲಿ ಅಳಿಯಲಿಲ್ಲ, ‘ಶಿ’ ಎಂಬ ರೂಪ ತಾಳಿ ‘ಮತ್ತು’ ಎಂಬ ಅರ್ಥಕ್ಕೆ ಸರಿಯಿತು.

ಸ್ಲಾವ್ ಭಾಷೆಗಳು ಎರಡು ಮೂರು ಬಣಗಳಾಗಿ ಹಂಚಿಹೋಗಿವೆ. ರಷ್ಯನ್, ಬಲ್ಗೇರಿಯನ್, ಸರ್ಬಿಯನ್, ಕ್ರೊಯೇಷಿಯನ್ ನುಡಿಗಳವರು ‘ದಾ’ ಎನ್ನುತ್ತಾರೆ. ರಷ್ಯನಿನಲ್ಲಿ ಇದೇ ಪದ ‘ಮತ್ತು’, ‘ಆದರೆ’ ಎಂಬರ್ಥದಲ್ಲೂ, ಘೋಷಣೆಗಳಲ್ಲಿ ‘ಆಗಲಿ’ ಎಂಬ ಹಾರೈಕೆಯಾಗಿಯೂ ಬರುತ್ತದೆ. ‘ದಾ ನ್ಯೆತ್’ ಎಂದು ಹೌದು-ಇಲ್ಲಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಹೇಳಿದರೆ ರಷ್ಯನ್ನರಿಗೆ ಅದು ‘ಹಾಗೇನಿಲ್ಲ’ ಎಂಬ ಮೆದು ನಿರಾಕರಣೆ. ಆ ಭಾಷೆ ಕಲಿಯುವ ಹೊರಗಿನವರಿಗೆ ದೊಡ್ಡ ತಲೆನೋವು. ಪೋಲಿಷ್, ಉಕ್ರೇನಿಯನ್, ಬೆಲರೂಸಿಯನ್ ನುಡಿಗಳ ‘ತಾಕ್’ಗೆ ‘ಹಾಗೆ’ ಎಂಬುದು ಮೂಲಾರ್ಥ. ಲಿಥುವೇನಿಯನಿನ ‘ತೈಪ್’ ಕೂಡ ಅದೇ ಅರ್ಥದ್ದು. ರೋಮನ್ನರ ‘ಸಿಕ್’ ನಡೆದ ಹಾದಿಯಲ್ಲೇ, ಅದರ ಸೋಂಕಿಲ್ಲದೆ, ಇವೂ ನಡೆದು ಬಂದಿವೆ. ಜೆಕ್ ಜನರ ‘ಅನೊ’ ಬೇರೆಯೇ ಕಟ್ಟಡ. ಆಡುಮಾತಿನಲ್ಲಿ ಅದನ್ನು ಮೊಟಕು ಮಾಡಿ ‘ನೊ’ ಎನ್ನುತ್ತಾರೆ. ಪ್ರಾಗ್‌ನಲ್ಲಿ ದೂರವಾಣಿಯಲ್ಲಿ ‘ನೊ, ನೊ’ ಎನ್ನುತ್ತ ತಲೆಯಾಡಿಸುವವರು ಪ್ರತಿಯೊಂದಕ್ಕೂ ಒಪ್ಪುತ್ತಿರುತ್ತಾರೆ ಎಂಬುದು ಇಂಗ್ಲಿಷ್ ಬಲ್ಲ ಪ್ರವಾಸಿಗೆ ತಿಳಿಯುವುದು ತಡವಾಗಿಯೇ.

ಜರ್ಮಾನಿಕ್ ಶಾಖೆಯಲ್ಲಿ ಐಕ್ಯ ಹೆಚ್ಚು. ಜರ್ಮನ್, ಡಚ್, ಸ್ವೀಡಿಷ್, ಡೇನಿಷ್, ನಾರ್ವೇಜಿಯನ್ ಎಲ್ಲೆಡೆ ‘ಯಾ’ ಇದೆ. 4ನೆಯ ಶತಮಾನದ ಗಾಥಿಕ್ ಬೈಬಲಿನಲ್ಲೂ ಅದಿದೆ. ಲಾತ್ವಿಯನಿನ ‘ಯಾ’, ಎಸ್ಟೋನಿಯನಿನ ‘ಯಾಹ್’ ಜರ್ಮನರಿಂದ ಹೋದ ಸಾಲ. ಇಂಗ್ಲಿಷಿನ ‘ಯೇ’ ಇದೇ ಕುಲದ್ದು. ‘ಯೆಸ್’ ಮಾತ್ರ ಸಂಯುಕ್ತ ಪದ: ‘ಯೇ’ಯ ಹಳೆಯ ರೂಪಕ್ಕೆ ‘ಇರು’ ಧಾತುವಿನ ವಿಧ್ಯರ್ಥ ರೂಪ ಸೇರಿ ‘ಹೌದು, ಹಾಗೇ ಇರಲಿ’ ಎಂಬ ಒತ್ತಿನ ಉತ್ತರವಾಗಿ ಅದು ಹುಟ್ಟಿತೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಒತ್ತು ಬೇಕಾದದ್ದೇಕೆ ಎಂಬುದರಲ್ಲಿ ಇಡೀ ವಿಷಯದ ಅತ್ಯಂತ ಸ್ವಾರಸ್ಯಕರ ಅಧ್ಯಾಯ ಅಡಗಿದೆ. ಹಿಂದಿನ ಇಂಗ್ಲಿಷಿನಲ್ಲಿ ಎರಡಲ್ಲ, ನಾಲ್ಕು ಉತ್ತರಗಳಿದ್ದವು. ‘ಅವನು ಬಂದನೇ?’ ಎಂದು ನೇರವಾಗಿ ಕೇಳಿದರೆ ‘ಯೇ’ ಅಥವಾ ‘ನೇ’; ‘ಅವನು ಬರಲಿಲ್ಲವೇ?’ ಎಂದು ನಿಷೇಧದಲ್ಲಿ ಕೇಳಿದರೆ ‘ಯೆಸ್’ (ಬಂದ) ಅಥವಾ ‘ನೋ’ (ಬರಲಿಲ್ಲ). ವಿಲಿಯಂ ಟಿಂಡೇಲ್ 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ‘ನೇ’ ಬರಬೇಕಾದಲ್ಲಿ ‘ನೋ’ ಬಳಸಿದ. ಅವನ ಕಡುವಿರೋಧಿ ಸರ್ ತಾಮಸ್ ಮೋರ್ 1532ರಲ್ಲಿ ಬರೆದ ಖಂಡನಗ್ರಂಥದಲ್ಲಿ, ಇಂಗ್ಲಿಷಿನ ಈ ಎರಡು ಪುಟ್ಟ ಪದಗಳ ಭೇದ ತಿಳಿಯದವನು ಶಾಸ್ತ್ರವನ್ನು ಅನುವಾದಿಸುವುದೆಂತು ಎಂದು ಹರಿಹಾಯ್ದ. ನಿಯಮವನ್ನು ವಿವರಿಸುವ ಭರದಲ್ಲಿ ಮೋರನೇ ಅದನ್ನು ಒಂದೆಡೆ ತಿರುವುಮುರುವು ಮಾಡಿಬಿಟ್ಟಿದ್ದಾನೆ. ಅಷ್ಟು ದೊಡ್ಡ ಪಂಡಿತನೂ ತಡವರಿಸಿದನೆಂದರೆ ಭೇದ ಆಗಲೇ ಜನರ ನಾಲಗೆಯಿಂದ ಜಾರುತ್ತಿತ್ತೆಂದೇ ಅರ್ಥ. ಮೋರನಿಗೆ 1535ರಲ್ಲಿ ಶಿರಚ್ಛೇದವಾಯಿತು. ಟಿಂಡೇಲನನ್ನು ಮರುವರ್ಷ ಉಸಿರುಗಟ್ಟಿಸಿ ಕೊಂದು ದೇಹವನ್ನು ಸುಟ್ಟರು. 17ನೆಯ ಶತಮಾನದ ಹೊತ್ತಿಗೆ ‘ಯೇ’, ‘ನೇ’ಗಳು ಬಳಕೆ ತಪ್ಪಿ ‘ಯೆಸ್’, ‘ನೋ’ಗಳೇ ಎಲ್ಲ ಪ್ರಶ್ನೆಗಳಿಗೂ ಉತ್ತರವಾದವು. ‘ಯೇ’ಗೆ ಇಂದು ಹಳೆಯ ಧರ್ಮಗ್ರಂಥದಲ್ಲೂ ಅಮೆರಿಕದ ಶಾಸನಸಭೆಗಳ ಮತದಾನದಲ್ಲೂ ಜಾಗವಿದೆ. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಒಪ್ಪಿಗೆಗೆ ‘ಆಯ್’ ಎನ್ನುತ್ತಾರೆ. 16ನೆಯ ಶತಮಾನದ ಕೊನೆಯ ಭಾಗದಲ್ಲಿ ದಿಢೀರನೆ ಕಾಣಿಸಿಕೊಂಡ ಈ ಪದದ ಮೂಲ ವಿವಾದಾಸ್ಪದ. ಲಾರ್ಡ್ಸ್ ಸಭೆಯವರು ‘ಸಮ್ಮತ’, ‘ಸಮ್ಮತವಿಲ್ಲ’ ಎಂಬರ್ಥದ ಬೇರೆ ಮಾತುಗಳನ್ನೇ ಇಟ್ಟುಕೊಂಡಿದ್ದಾರೆ.

ಇಂಗ್ಲಿಷ್ ಕಳೆದುಕೊಂಡ ಈ ಸೌಕರ್ಯವನ್ನು ನೆರೆಯ ಭಾಷೆಗಳು ಉಳಿಸಿಕೊಂಡಿವೆ. ‘ನೀನು ಬರುವುದಿಲ್ಲವೇ?’ ಎಂಬುದಕ್ಕೆ ‘ಬರುತ್ತೇನೆ’ ಎಂದು ಎದುರು ಹೇಳಲು ಫ್ರೆಂಚರು ‘ವೀ’ ಎನ್ನದೆ ‘ಸಿ’ ಎನ್ನುತ್ತಾರೆ. ಲ್ಯಾಟಿನಿನ ‘ಸಿಕ್’ ಫ್ರಾನ್ಸಿನಲ್ಲಿ ಇಟ್ಟುಕೊಂಡ ಹುದ್ದೆ ಇದು. ಜರ್ಮನಿನಲ್ಲಿ ‘ದೊಖ್’, ಸ್ವೀಡಿಷ್ ಮತ್ತು ಡೇನಿಷಿನಲ್ಲಿ ‘ಯೊ’, ರೊಮೇನಿಯನಿನಲ್ಲಿ ‘ಬಾ ದಾ’, ಹಂಗೇರಿಯನಿನಲ್ಲಿ ‘ದೆ ಇಗೆನ್’ ಇದೇ ಕೆಲಸ ಮಾಡುತ್ತವೆ. ಇಂಥ ಮೂರನೆಯ ಪದವಿಲ್ಲದ ಭಾಷೆಯಲ್ಲಿ ನಿಷೇಧಪ್ರಶ್ನೆಗೆ ಬರಿದೇ ‘ಹೌದು’ ಎಂದರೆ ಕೇಳಿದವರಿಗೆ ಗೊಂದಲ ತಪ್ಪದು.

ಇನ್ನು ‘ಹೌದು’ ಎಂಬ ಪದದ ಅಗತ್ಯವೇ ಕಾಣದ ಭಾಷೆಗಳ ಮಾತು. ಐರಿಷಿನಲ್ಲಿ ‘ಬಂದನೇ?’ ಎಂದರೆ ‘ಬಂದ’ ಅಥವಾ ‘ಬರಲಿಲ್ಲ’, ‘ಇದೆಯೇ?’ ಎಂದರೆ ‘ತಾ’ (ಇದೆ) ಅಥವಾ ‘ನೀಲ್’ (ಇಲ್ಲ). ಇಂಗ್ಲಿಷಿಗೆ ತಿರುಗಿದ ಮೇಲೂ ಐರ್ಲೆಂಡಿನವರು ‘ಯೆಸ್’ ಎಂದು ನಿಲ್ಲಿಸದೆ ‘ಐ ಡಿಡ್’, ‘ಇಟ್ ಈಸ್’ ಎಂದು ಉತ್ತರಿಸುವುದರಲ್ಲಿ ಈ ಹಳೆಯ ಸಂಸ್ಕಾರ ಕಾಣುತ್ತದೆ. ವೆಲ್ಷ್ ಇನ್ನೂ ಸೂಕ್ಷ್ಮ. ‘ಇದ್ದೇನೆ’, ‘ಇದೆ’, ‘ಆಗುವುದು’ ಎಂದು ಕ್ರಿಯಾಪದಕ್ಕೂ ಪುರುಷಕ್ಕೂ ತಕ್ಕಂತೆ ಉತ್ತರ ಬದಲಾಗುತ್ತದೆ. ಭೂತಕಾಲದ ಪ್ರಶ್ನೆಗೆ ಮಾತ್ರ ‘ದೋ’ ಎಂಬ ಒಂದೇ ಪದ ಸಾಕು. ಫಿನ್ನಿಷಿನಲ್ಲಿ ‘ಕ್ಯುಲ್ಲಾ’, ‘ಯೋ’ ಎಂಬ ಪದಗಳಿದ್ದರೂ ‘ತುಲೆತ್ಕೊ?’ (ಬರುತ್ತೀಯಾ?) ಎಂದರೆ ‘ತುಲೆನ್’ (ಬರುತ್ತೇನೆ) ಎಂಬುದೇ ಸಹಜ. ಪೋರ್ಚುಗಲ್ಲಿನಲ್ಲೂ ಗಲೀಶಿಯಾದಲ್ಲೂ ಕ್ರಿಯಾಪದವನ್ನು ಮರಳಿಸುವ ರೋಮನ್ ರೂಢಿ ಇಂದಿಗೂ ಜೀವಂತ.

ಕನ್ನಡಿಗರಿಗೆ ಇದು ಹೊಸದೇನಲ್ಲ. ‘ಊಟ ಆಯ್ತಾ?’ ಎಂದರೆ ನಾವು ‘ಆಯ್ತು’ ಎನ್ನುತ್ತೇವೆಯೇ ಹೊರತು ಬರಿಯ ‘ಹೌದು’ ಎನ್ನುವುದಿಲ್ಲ. ನಮ್ಮ ‘ಹೌದು’ ಕೂಡ ‘ಆಗು’ ಧಾತುವಿನ ರೂಪವೇ: ಹಳಗನ್ನಡದ ‘ಅಪ್ಪುದು’ ನಡುಗನ್ನಡದಲ್ಲಿ ‘ಅಹುದು’ ಆಗಿ, ಮುಂದೆ ‘ಹೌದು’ ಎನಿಸಿತು. ವಾಕ್ಯವೊಂದು ಸವೆದು ಸಮ್ಮತಿಸೂಚಕವಾಗುವ ಕ್ರಮಕ್ಕೆ ಫ್ರೆಂಚಿನ ‘ವೀ’ಯಷ್ಟೇ ಸ್ಪಷ್ಟವಾದ ಉದಾಹರಣೆ ಇದು.

ಮತ್ತೆ ಯುರೋಪಿಗೆ ಬಂದರೆ, ಯಾವ ಕುಟುಂಬಕ್ಕೂ ಸೇರದ ಒಂಟಿ ಭಾಷೆಯಾದ ಬಾಸ್ಕಿನಲ್ಲಿ ‘ಬೈ’ ಎಂಬುದು ‘ಹೌದು’. ಅದರ ಮೊಟಕು ರೂಪ ‘ಬ’ ಕ್ರಿಯಾಪದದ ಆರಂಭಕ್ಕೆ ಅಂಟಿ ‘ಬದಾಕಿತ್’ (ಬಲ್ಲೆ) ಎಂಬಂಥ ದೃಢೀಕರಣದ ರೂಪಗಳನ್ನು ಕೊಡುತ್ತದೆ. ಹಂಗೇರಿಯನಿನ ‘ಇಗೆನ್’ಗೆ ‘ಬಹಳ’ ಎಂಬ ಅರ್ಥವೂ ಇದೆ. ಮಾಲ್ಟಾದ ‘ಇವಾ’ ಅರಬರ ‘ಐವಾ’. ಅಲ್ಬೇನಿಯನಿನಲ್ಲಿ ‘ಪೊ’ ಎಂದರೆ ಹೌದು, ‘ಯೊ’ ಎಂದರೆ ಇಲ್ಲ; ಸ್ಟಾಕ್‌ಹೋಮಿನಿಂದ ತಿರಾನಾಕ್ಕೆ ಹೋದವರು ಇದನ್ನು ನೆನಪಿಡಬೇಕು. 1887ರಲ್ಲಿ ಎಸ್ಪೆರಾಂಟೊ ಭಾಷೆಯನ್ನು ರೂಪಿಸಿದ ಜಾಮೆನ್‌ಹೋಫ್ ಇಷ್ಟು ಆಯ್ಕೆಗಳ ನಡುವೆ ಇಂಗ್ಲಿಷಿನ ‘ಯೆಸ್’ ಅನ್ನೇ ಎತ್ತಿಕೊಂಡ.

ಗ್ರೀಕರ ಪದ ಎಲ್ಲಕ್ಕಿಂತ ಹಳೆಯದು. ಹೋಮರನ ಕಾಲದಿಂದ ಬಂದ ‘ನೈ’ ಇಂದು ‘ನೆ’ ಎಂದು ಉಚ್ಚಾರವಾಗುತ್ತದೆ. ಗಡಿಯಾಚೆ ಬಲ್ಗೇರಿಯದಲ್ಲಿ ಅದೇ ಉಚ್ಚಾರದ ‘ನೆ’ಗೆ ‘ಇಲ್ಲ’ ಎಂದರ್ಥ. ತಲೆಯ ಚಲನೆ ಸೇರಿದರೆ ತೊಡಕು ಇಮ್ಮಡಿ: ಬಲ್ಗೇರಿಯನ್ನರು ಒಪ್ಪಿಗೆಗೆ ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ, ಗ್ರೀಕರು ‘ಇಲ್ಲ’ ಎನ್ನಲು ಗದ್ದವನ್ನು ಮೇಲಕ್ಕೆತ್ತುತ್ತಾರೆ. ಪ್ರಾಚೀನ ಗ್ರೀಕರ ವಸಾಹತುಗಳಿದ್ದ ದಕ್ಷಿಣ ಇಟಲಿಯಲ್ಲೂ ಗದ್ದವೆತ್ತುವ ಈ ಸನ್ನೆ ಉಳಿದಿದೆ. ಇನ್ನು ಸ್ವೀಡನ್ನಿನ ಉತ್ತರ ಭಾಗದಲ್ಲಿ, ಉಮೆಯೊ ಸುತ್ತಮುತ್ತ, ‘ಹೌದು’ ಎನ್ನಲು ತುಟಿ ಕಿರಿದು ಮಾಡಿ ಉಸಿರನ್ನು ಥಟ್ಟನೆ ಒಳಗೆಳೆದುಕೊಂಡರೆ ಸಾಕು, ಪದವೇ ಬೇಡ. ಉಸಿರೆಳೆಯುತ್ತ ಒಪ್ಪಿಗೆ ನುಡಿಯುವ ರೂಢಿ ನಾರ್ವೆ, ಐಸ್‌ಲ್ಯಾಂಡ್, ಐರ್ಲೆಂಡುಗಳಲ್ಲೂ ಉಂಟು.

ಜನಮತಗಣನೆಯ ಕಾಲ ಬಂದ ಮೇಲೆ ಈ ಪದದ ತೂಕ ಆಡಳಿತಗಾರರಿಗೂ ಅರಿವಾಯಿತು. ‘ಹೌದು’ ಎನ್ನುವುದರಲ್ಲಿ ಒಂದು ಅನುಕೂಲಭಾವವಿದೆ, ಪ್ರಶ್ನೆ ಕೇಳುವ ರೀತಿಯಿಂದ ಜನರನ್ನು ಅದರ ಕಡೆ ವಾಲಿಸಬಹುದು ಎಂಬ ಶಂಕೆ ಬ್ರಿಟನ್ನಿನ ಚುನಾವಣಾ ಆಯೋಗವನ್ನು ಎರಡು ಬಾರಿ ಕಾಡಿತು. 2014ರ ಸ್ಕಾಟ್‌ಲೆಂಡ್ ಜನಮತಗಣನೆಯ ಪ್ರಶ್ನೆ ಮೊದಲು ‘ನೀವು ಒಪ್ಪುತ್ತೀರಾ’ ಎಂದು ತೊಡಗುತ್ತಿತ್ತು. ಆಯೋಗದ ಸಲಹೆಯಂತೆ ಆ ಮಾತನ್ನು ತೆಗೆದರು. 1975ರಲ್ಲಿ ಯುರೋಪಿನ ಆರ್ಥಿಕ ಸಮುದಾಯದಲ್ಲಿ ಉಳಿಯುವ ಪ್ರಶ್ನೆಗೆ ಬ್ರಿಟಿಷರು ‘ಯೆಸ್’, ‘ನೋ’ ಎಂದೇ ಮತ ಹಾಕಿದ್ದರು, ಶೇಕಡ 67ರಷ್ಟು ಜನ ‘ಯೆಸ್’ ಎಂದಿದ್ದರು. 2016ರ ಜನಮತಗಣನೆಗಾಗಿ ಅದೇ ಬಗೆಯ ಪ್ರಶ್ನೆ ಮತ್ತೆ ಬಂದಾಗ ಆಯೋಗ ಎರಡೂ ಪದಗಳನ್ನು ಬಿಡಿಸಿ ‘ಉಳಿಯಬೇಕು’, ‘ಹೊರಬರಬೇಕು’ ಎಂಬ ಆಯ್ಕೆಗಳನ್ನು ಸೂಚಿಸಿತು. ಐರ್ಲೆಂಡಿನ ಮತಪತ್ರದಲ್ಲಿ ಇಂಗ್ಲಿಷಿನ ಯೆಸ್, ನೋಗಳ ಪಕ್ಕದಲ್ಲಿ ‘ತಾ’, ‘ನೀಲ್’ ಎಂದು ಅಚ್ಚಾಗಿರುತ್ತದೆ. ‘ಹೌದು’ ಇಲ್ಲದ ಭಾಷೆಯಲ್ಲಿ ಇದು ಹೇಗೆ ಹೊಂದುತ್ತದೆ ಎಂದರೆ, ಅಲ್ಲಿನ ಪ್ರಶ್ನೆಯನ್ನೇ ‘ಇರು’ ಧಾತುವಿನಿಂದ ತೊಡಗಿಸಿ, ‘ಈ ತಿದ್ದುಪಡಿಗೆ ನಿಮ್ಮ ಒಪ್ಪಿಗೆ ಇದೆಯೇ’ ಎನ್ನುವ ಧಾಟಿಯಲ್ಲಿ ಕೇಳಿರುತ್ತಾರೆ.